ಚಿಕ್ಕ ವೆಬ್‌ಸೈಟಿಗೆ ಯಾವ ಡೇಟಾಬೇಸ್ ಸಾಕು?

ವೆಬ್‌ಸೈಟ್ ಕಟ್ಟುವುದು ಈಗ ಪ್ರೋಗ್ರಾಮರ್‌ಗಳಿಗೆ ಮಾತ್ರ ಸೇರಿದ ಕೆಲಸವಾಗಿ ಉಳಿದಿಲ್ಲ. ಊರಿನ ಗ್ರಂಥಾಲಯ ನೋಡಿಕೊಳ್ಳುವವರು, ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದವರು, ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವವರು ಎಲ್ಲರೂ ಎಐ ಹತ್ತಿರ ಕೇಳಿ ಕೇಳಿ ತಮ್ಮದೇ ಸೈಟ್ ನಿಲ್ಲಿಸುತ್ತಿದ್ದಾರೆ. ಪುಟಗಳು ಚೆನ್ನಾಗಿಯೇ ಬರುತ್ತವೆ. ಆಮೇಲೆ ಒಂದು ಪ್ರಶ್ನೆ ಎದುರಾಗುತ್ತದೆ: ಡೇಟಾಬೇಸ್ ಯಾವುದು? ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಫೈರ್‌ಬೇಸ್ ಎಂದು ಹೆಸರುಗಳ ಸಾಲೇ ಬರುತ್ತದೆ. ಹೆಚ್ಚಿನವರು ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ.

ತಪ್ಪು ಆಯ್ಕೆ ಮಾಡಿದರೆ ಸೈಟ್ ಅವತ್ತೇ ಬೀಳುವುದಿಲ್ಲ. ಕೆಲವು ತಿಂಗಳಾದ ಮೇಲೆ ಬಿಲ್ ಏರುತ್ತದೆ, ಇಲ್ಲವೇ ಒಂದು ಬೆಳಿಗ್ಗೆ ಡೇಟಾ ಕಾಣೆಯಾಗಿರುತ್ತದೆ. ಅದಕ್ಕೇ ಈ ವಿಷಯವನ್ನು ಮೊದಲೇ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಮಾತು ಸ್ಪಷ್ಟವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. 4,000 ಪುಸ್ತಕಗಳಿರುವ ಒಂದು ಊರ ಗ್ರಂಥಾಲಯ. ಯಾವ ಪುಸ್ತಕ ಇದೆ, ಯಾವುದು ಹೊರಗೆ ಹೋಗಿದೆ ಎಂದು ಜನ ಮನೆಯಿಂದಲೇ ನೋಡುವಂತಾಗಬೇಕು. ಅಷ್ಟೇ.

ಡೇಟಾಬೇಸ್ ಬೇಕೇ ಬೇಕಾ?

ಡೇಟಾಬೇಸ್ ಎಂದರೆ ಮಾಹಿತಿಯನ್ನು ಸಾಲು ಮತ್ತು ಕಾಲಂಗಳಲ್ಲಿ ಜೋಡಿಸಿಟ್ಟು, ಕೇಳಿದ್ದನ್ನು ಬೇಗ ಹುಡುಕಿ ಕೊಡುವ ಸಾಫ್ಟ್‌ವೇರ್. ಒಂದು ಸಾಲಿಗೆ ಒಂದು ಪುಸ್ತಕ. ಕಾಲಂಗಳಲ್ಲಿ ಹೆಸರು, ಲೇಖಕರು, ವರ್ಷ, ಕಪಾಟಿನ ನಂಬರ್. ಇಂಥ ಒಂದು ಪಟ್ಟಿಗೆ ಟೇಬಲ್ ಎನ್ನುತ್ತಾರೆ. ಟೇಬಲ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್.

ಎಲ್ಲ ಸೈಟಿಗೂ ಇದು ಬೇಕಿಲ್ಲ. ಸಂಘದ ಪರಿಚಯ, ವಿಳಾಸ, ನಾಲ್ಕು ಫೋಟೋ, ವರ್ಷಕ್ಕೊಮ್ಮೆ ಬದಲಾಗುವ ಪದಾಧಿಕಾರಿಗಳ ಪಟ್ಟಿ ಇಷ್ಟೇ ಇದ್ದರೆ ಸಾದಾ ಎಚ್‌ಟಿಎಂಎಲ್ ಪುಟಗಳು ಸಾಕು. ಹ್ಯೂಗೋ, ಜೆಕಿಲ್ ತರಹದ ಸಾಧನಗಳು ಇಂಥ ಪುಟಗಳನ್ನು ಒಟ್ಟಿಗೆ ತಯಾರಿಸಿ ಕೊಡುತ್ತವೆ. ಸರ್ವರ್ ಮೇಲೆ, ಅಂದರೆ ಸೈಟನ್ನು ನಡೆಸುವ ದೂರದ ಕಂಪ್ಯೂಟರಿನಲ್ಲಿ, ಹ್ಯಾಕ್ ಆಗುವಂಥದ್ದು ಬಹಳ ಕಡಿಮೆ ಉಳಿಯುತ್ತದೆ.

ಡೇಟಾಬೇಸ್ ಬೇಕಾಗುವುದು ಎರಡು ಸಂದರ್ಭದಲ್ಲಿ. ಸೈಟಿಗೆ ಬಂದವರು ಏನನ್ನಾದರೂ ತುಂಬಿ ಕಳಿಸುವಾಗ, ಮತ್ತು ದೊಡ್ಡ ಪಟ್ಟಿಯಲ್ಲಿ ಬೇರೆ ಬೇರೆ ರೀತಿ ಹುಡುಕಬೇಕಾದಾಗ. ಕೆಲವರು ಜೇಸನ್ ಎಂಬ ಸಾದಾ ಪಠ್ಯದ ಫೈಲಿನಲ್ಲೇ ಡೇಟಾ ಬರೆದಿಡುತ್ತಾರೆ. ಒಬ್ಬರೇ ಬರೆಯುವಷ್ಟು ದಿನ ಅದು ನಡೆಯುತ್ತದೆ. ಇಬ್ಬರು ಒಂದೇ ಕ್ಷಣದಲ್ಲಿ ಫಾರಂ ಕಳಿಸಿದರೆ ಒಬ್ಬರದ್ದು ಇನ್ನೊಬ್ಬರದ್ದರ ಮೇಲೆ ಕೂತು ಅಳಿಸಿಹೋಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅದನ್ನು ತಡೆಯುವುದೇ ಡೇಟಾಬೇಸಿನ ಮೊದಲ ಕೆಲಸ.

ಸರ್ವರ್ ಇರುವ ಡೇಟಾಬೇಸ್, ಸರ್ವರ್ ಇಲ್ಲದ ಡೇಟಾಬೇಸ್

ಮೈಎಸ್‌ಕ್ಯೂಎಲ್, ಅದರಿಂದ 2009ರಲ್ಲಿ ಕವಲೊಡೆದ ಮರಿಯಾಡಿಬಿ, ಮತ್ತು ಪೋಸ್ಟ್‌ಗ್ರೆಸ್ ಇವು ಕೆಲಸ ಮಾಡುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಾಗೆ. ಕಡತ ನೀವು ಮುಟ್ಟುವಂತಿಲ್ಲ. ಕೌಂಟರಿನಲ್ಲಿ ಒಬ್ಬ ಗುಮಾಸ್ತ ಸದಾ ಕೂತಿರುತ್ತಾನೆ. ನೀವು ಗುರುತು ತೋರಿಸಿ ಕೇಳಬೇಕು, ಅವನು ಒಳಗಿನಿಂದ ತಂದು ಕೊಡುತ್ತಾನೆ. ನೂರು ಜನ ಬಂದರೂ ಅವನು ಸಂಭಾಳಿಸುತ್ತಾನೆ. ಆದರೆ ಯಾರೂ ಬರದ ದಿನವೂ ಅವನ ಸಂಬಳ ಕೊಡಲೇಬೇಕು, ಅವನು ರಜೆ ಹಾಕಿದರೆ ಕಚೇರಿಯೇ ಬಂದ್. ಎಸ್‌ಕ್ಯೂಲೈಟ್ ಎಂದರೆ ನಿಮ್ಮ ಮೇಜಿನ ಡ್ರಾಯರ್‌ನಲ್ಲೇ ಇರುವ ರಿಜಿಸ್ಟರ್. ತೆಗೆದು ನೋಡಿ, ಬರೆದು, ಒಳಗಿಟ್ಟರೆ ಮುಗಿಯಿತು.

ಕಂಪ್ಯೂಟರಿನ ಲೆಕ್ಕದಲ್ಲಿ ಆ ಸಂಬಳ ಎಂದರೆ ಮೆಮೊರಿ. ಮೈಎಸ್‌ಕ್ಯೂಎಲ್ ಬೇರೆಯೇ ಪ್ರೋಗ್ರಾಂ ಆಗಿ (ಡೇಟಾಬೇಸ್ ಸರ್ವರ್ ಎಂದರೆ ಇದೇ) ದಿನದ 24 ಗಂಟೆಯೂ ಓಡುತ್ತಿರಬೇಕು. ಪದೇ ಪದೇ ಬೇಕಾಗುವ ಡೇಟಾವನ್ನು ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ ಪೂಲ್ ಎಂಬ ಜಾಗಕ್ಕೇ ಮೊದಲಿಂದ ಇರುವ ಸೆಟ್ಟಿಂಗ್‌ನಲ್ಲಿ 128 ಎಂಬಿ ಮೀಸಲು. ಉಳಿದದ್ದೂ ಸೇರಿದರೆ 1 ಜಿಬಿ ಮೆಮೊರಿಯ ಅಗ್ಗದ ಸರ್ವರಿನಲ್ಲಿ ಒಳ್ಳೆಯ ಪಾಲು ಅಲ್ಲಿಗೇ ಹೋಗುತ್ತದೆ. ಮೆಮೊರಿ ಸಾಲದಾದಾಗ ಲಿನಕ್ಸ್ ಜಾಸ್ತಿ ಮೆಮೊರಿ ತಿನ್ನುವ ಪ್ರೋಗ್ರಾಮನ್ನು ತಾನೇ ನಿಲ್ಲಿಸಿಬಿಡುತ್ತದೆ. ಚಿಕ್ಕ ಸರ್ವರಿನಲ್ಲಿ ಅದು ಸಾಮಾನ್ಯವಾಗಿ ಡೇಟಾಬೇಸೇ ಆಗಿರುತ್ತದೆ. ಸೈಟ್ ತೆರೆದರೆ ಡೇಟಾಬೇಸ್ ಸಿಗುತ್ತಿಲ್ಲ ಎಂಬ ಸಂದೇಶ ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಎಸ್‌ಕ್ಯೂಲೈಟ್ ಹುಟ್ಟಿದ್ದೂ ಇದೇ ತೊಂದರೆಯಿಂದ. 2000ರಲ್ಲಿ ಅಮೆರಿಕದ ರಿಚರ್ಡ್ ಹಿಪ್ ಅವರು ಯುದ್ಧನೌಕೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಡಗಿಗೆ ಪೆಟ್ಟು ಬಿದ್ದರೆ ಹಾನಿ ಹರಡದಂತೆ ಏನು ಮಾಡಬೇಕು ಎಂದು ಹೇಳುವ ಸಾಫ್ಟ್‌ವೇರ್ ಅದು. ಡೇಟಾಬೇಸ್ ಸರ್ವರ್ ನಿಂತುಹೋದರೆ ಅದೂ ನಿಂತುಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಹಾಗಾದರೆ ಗತಿ ಏನು? ಸರ್ವರೇ ಬೇಡದ, ನೇರವಾಗಿ ಡಿಸ್ಕಿನ ಫೈಲ್ ಓದುವ ಡೇಟಾಬೇಸನ್ನು ಅವರು ಬರೆದರು. ಅದನ್ನು ಯಾವ ಲೈಸೆನ್ಸೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಇವತ್ತು ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳಲ್ಲೂ ಅದು ಇದೆ. ಅದರ ತಂಡ 2050ರವರೆಗೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದೆ. ಈ ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಊರಿನ ಗ್ರಂಥಾಲಯದ ಸೈಟನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಬರೆಸುವಷ್ಟು ದುಡ್ಡು ಯಾರ ಹತ್ತಿರವೂ ಇರುವುದಿಲ್ಲ.

ಎಷ್ಟು ಜನ ಓದುತ್ತಾರೆ, ಎಷ್ಟು ಜನ ಬರೆಯುತ್ತಾರೆ

"ನಮ್ಮ ಸೈಟಿಗೆ ದಿನಕ್ಕೆ ಸಾವಿರ ಜನ ಬರುತ್ತಾರೆ, ಎಸ್‌ಕ್ಯೂಲೈಟ್ ತಡೆಯುತ್ತಾ?" ಎಲ್ಲರೂ ಮೊದಲು ಕೇಳುವುದು ಇದನ್ನೇ. ಆದರೆ ಓದುವವರ ಸಂಖ್ಯೆಗೆ ಹೆದರಬೇಕಾಗಿಲ್ಲ. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು. ದಿನಕ್ಕೆ 1 ಲಕ್ಷಕ್ಕಿಂತ ಕಡಿಮೆ ಹಿಟ್ ಇರುವ ಸೈಟಿಗೆ ಇದು ಸಾಕು ಎಂದು ಎಸ್‌ಕ್ಯೂಲೈಟ್ ತಂಡವೇ ಹೇಳುತ್ತದೆ, ಅದೂ ತಗ್ಗಿಸಿಯೇ ಹೇಳಿದ ಲೆಕ್ಕ. ಅವರ ಸ್ವಂತ ಸೈಟ್ ಇದೇ ಡೇಟಾಬೇಸಿನ ಮೇಲೆ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಕೋರಿಕೆಗಳನ್ನು ನಿಭಾಯಿಸುತ್ತದೆ. ಅದರಲ್ಲಿ ಡೇಟಾಬೇಸ್ ಮುಟ್ಟುವಂಥವು ಐದರಲ್ಲಿ ಒಂದರಷ್ಟು.

ಗಮನ ಬೇಕಾದದ್ದು ಬರೆಯುವವರ ಕಡೆ. ಎಸ್‌ಕ್ಯೂಲೈಟಿನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಬರೆಯಬಹುದು. ಉಳಿದವರು ಸಾಲಿನಲ್ಲಿ ಕಾಯಬೇಕು. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಚಿಕ್ಕ ಬರವಣಿಗೆಗೆ 10 ಮಿಲಿಸೆಕೆಂಡ್ ಹಿಡಿದರೂ ಒಂದು ಸೆಕೆಂಡಿನಲ್ಲಿ 100 ಜನರ ಸರದಿ ಮುಗಿಯುತ್ತದೆ. ಗ್ರಂಥಾಲಯದಲ್ಲಿ ಇಡೀ ದಿನಕ್ಕೆ 100 ಪುಸ್ತಕ ಹೊರಗೆ ಹೋದರೆ ಅದೇ ಹೆಚ್ಚು.

ಹಾಗಿದ್ದೂ "ಡೇಟಾಬೇಸ್ ಲಾಕ್ ಆಗಿದೆ" ಎಂಬ ದೂರು ಕೇಳಿಬರುತ್ತದೆ. ಮೂರು ಕಡೆ ನೋಡಿದರೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ. ಮೊದಲನೆಯದು ವಾಲ್ ಮೋಡ್. 2010ರಲ್ಲಿ ಬಂದ ಈ ಸೌಲಭ್ಯದಲ್ಲಿ ಹೊಸ ಬರವಣಿಗೆ ಮೊದಲು ಪಕ್ಕದ ಒಂದು ಫೈಲಿಗೆ ಹೋಗುತ್ತದೆ. ಹಾಗಾಗಿ ಒಬ್ಬರು ಬರೆಯುತ್ತಿದ್ದರೂ ಉಳಿದವರು ಓದುತ್ತಲೇ ಇರಬಹುದು. ಇದು ತಾನಾಗಿ ಆನ್ ಆಗಿರುವುದಿಲ್ಲ. ಒಮ್ಮೆ ಆನ್ ಮಾಡಿದರೆ ಆ ಫೈಲಿಗೆ ಹಾಗೇ ಉಳಿಯುತ್ತದೆ. ಎರಡನೆಯದು ಬ್ಯುಸಿ ಟೈಮ್‌ಔಟ್, ಅಂದರೆ ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬ ಸೂಚನೆ. ಅದನ್ನು 5 ಸೆಕೆಂಡಿಗೆ ಇಟ್ಟರೆ ಬಹುಪಾಲು ದೂರು ನಿಲ್ಲುತ್ತದೆ. ಮೂರನೆಯದು ಕೋಡ್ ಬರೆಯುವವರ ಅಭ್ಯಾಸ. ಬರವಣಿಗೆ ಶುರು ಮಾಡಿ, ನಡುವೆ ಸದಸ್ಯರಿಗೆ ಇಮೇಲ್ ಕಳಿಸಿ, ಆ ಇಮೇಲ್ ಹೋಗುವ ತನಕ ಕಾದು, ಆಮೇಲೆ ಬರವಣಿಗೆ ಮುಗಿಸುತ್ತಾರೆ. ಅಷ್ಟು ಹೊತ್ತೂ ಬೀಗ ಹಾಕಿಯೇ ಇರುತ್ತದೆ. ಮೊದಲು ಬರೆದು ಮುಗಿಸಿ, ಆಮೇಲೆ ಇಮೇಲ್ ಕಳಿಸಬೇಕು.

ಗಾತ್ರದ ಮಾತು ಒಂದೇ ಸಾಲಿನದ್ದು. ಪುಸ್ತಕವೊಂದಕ್ಕೆ ಕನ್ನಡದಲ್ಲಿ 150 ಅಕ್ಷರ-ಗುರುತುಗಳ ವಿವರ ಎಂದುಕೊಂಡರೆ, ಒಂದೊಂದಕ್ಕೆ 3 ಬೈಟಿನಂತೆ 450 ಬೈಟ್. 4,000 ಪುಸ್ತಕಕ್ಕೆ 2 ಎಂಬಿಯೂ ಆಗುವುದಿಲ್ಲ.

ಫೈಲ್ ಎಲ್ಲಿರುತ್ತದೆ ಎಂಬುದು ನಿರ್ಧಾರ ಮಾಡುತ್ತದೆ

ಇಡೀ ಡೇಟಾಬೇಸ್ ಒಂದೇ ಫೈಲ್ ಆಗಿರುವುದೇ ಎಸ್‌ಕ್ಯೂಲೈಟಿನ ಅನುಕೂಲ. ಎಡವುವುದೂ ಅಲ್ಲೇ.

ಹೋಸ್ಟಿಂಗ್, ಅಂದರೆ ಸೈಟ್ ಇಡಲು ಬಾಡಿಗೆ ಜಾಗ, ತೆಗೆದುಕೊಂಡಾಗ ಒಂದು ಫೋಲ್ಡರಿನಲ್ಲಿ ಇಟ್ಟದ್ದೆಲ್ಲ ಜಗತ್ತಿಗೆ ಕಾಣುತ್ತದೆ. ಸಾಮಾನ್ಯವಾಗಿ ಅದರ ಹೆಸರು ಪಬ್ಲಿಕ್ ಎಚ್‌ಟಿಎಂಎಲ್. ಡೇಟಾಬೇಸ್ ಫೈಲನ್ನೂ ಅಲ್ಲೇ ಇಟ್ಟರೆ, ವಿಳಾಸ ಊಹಿಸಿದ ಯಾರು ಬೇಕಾದರೂ ಅದನ್ನು ಇಡಿಯಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಸದಸ್ಯರ ಫೋನ್ ನಂಬರ್, ಮನೆ ವಿಳಾಸ ಎಲ್ಲ ಅದರಲ್ಲೇ ಇರುತ್ತದೆ. ಫೈಲನ್ನು ಆ ಫೋಲ್ಡರಿನ ಹೊರಗೆ, ಒಂದು ಹಂತ ಮೇಲೆ ಇಡಬೇಕು. ಎಐ ಬರೆದುಕೊಟ್ಟ ಕೋಡಿನಲ್ಲಿ ಇದನ್ನು ಎರಡು ಸಲ ನೋಡಿ. ಜೊತೆಗೆ, ಫೈಲಿಗೆ ಮಾತ್ರವಲ್ಲದೆ ಅದು ಇರುವ ಫೋಲ್ಡರಿಗೂ ಬರೆಯುವ ಅನುಮತಿ ಕೊಡಬೇಕು. ಬರೆಯುವಾಗ ಎಸ್‌ಕ್ಯೂಲೈಟ್ ಪಕ್ಕದಲ್ಲೇ ತಾತ್ಕಾಲಿಕ ಫೈಲುಗಳನ್ನು ಸೃಷ್ಟಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆದ ಸೈಟ್ ಸರ್ವರಿಗೆ ಹೋದ ಕೂಡಲೇ "ಓದಲು ಮಾತ್ರ" ಎಂದು ಮುಷ್ಕರ ಹೂಡುವುದು ಈ ಕಾರಣಕ್ಕೆ.

ಇನ್ನೊಂದು ಇದಕ್ಕಿಂತ ಗಂಭೀರ. ಕೆಲವು ಹೋಸ್ಟಿಂಗ್ ಸೇವೆಗಳಲ್ಲಿ ಡಿಸ್ಕ್ ಶಾಶ್ವತವಲ್ಲ. ಹೆರೋಕುವಿನಲ್ಲಿ ಸೈಟ್ ದಿನಕ್ಕೊಮ್ಮೆಯಾದರೂ ರೀಸ್ಟಾರ್ಟ್ ಆಗುತ್ತದೆ, ಆಗ ಅದು ಬರೆದಿಟ್ಟ ಫೈಲುಗಳು ಹೋಗಿಬಿಡುತ್ತವೆ. ವರ್ಸೆಲ್ ತರಹದ ಕಡೆ ಫೈಲಿಗೆ ಶಾಶ್ವತವಾಗಿ ಬರೆಯಲು ಬಿಡುವುದೇ ಇಲ್ಲ. ಅವು ತಯಾರಾದದ್ದೇ ಹಾಗೆ, ಡೇಟಾಬೇಸನ್ನು ಬೇರೆ ಕಡೆ ಇಡಲಿ ಅಂತ. ಅಂಥಲ್ಲಿ ಎಸ್‌ಕ್ಯೂಲೈಟ್ ಫೈಲ್ ಇಟ್ಟರೆ ಸಂಜೆ ಸೇರಿಸಿದ ಪುಸ್ತಕ ಮರುದಿನ ಇರುವುದಿಲ್ಲ. ಹಲವರ ಸೈಟುಗಳು ಒಂದೇ ಸರ್ವರಿನಲ್ಲಿರುವ ಸಾದಾ ಶೇರ್ಡ್ ಹೋಸ್ಟಿಂಗ್ ಅಥವಾ ಸ್ವಂತ ವಿಪಿಎಸ್ (ನಿಮಗೆಂದೇ ಬಾಡಿಗೆಗೆ ಪಡೆದ ಸರ್ವರ್) ಆದರೆ ಈ ಭಯ ಇಲ್ಲ. ನೆಟ್‌ವರ್ಕ್ ಮೂಲಕ ಹಂಚಿಕೊಂಡ ಡ್ರೈವಿನಲ್ಲಿ ಇಡುವುದೂ ಬೇಡ, ಅಲ್ಲಿ ಬೀಗ ಹಾಕುವ ವ್ಯವಸ್ಥೆಯನ್ನು ನಂಬುವಂತಿಲ್ಲ.

ಕನ್ನಡದ ಮಾಹಿತಿ ಇಡುವಾಗ

ಇಂಗ್ಲಿಷಿನಲ್ಲಿ ಬರೆದ ಪಾಠಗಳಲ್ಲಿ ಈ ಭಾಗ ಇರುವುದಿಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕಂಪ್ಯೂಟರಿಗೆ "ಕನ್ನಡ" ಎಂಬುದು ಮೂರು ಅಕ್ಷರವಲ್ಲ, ಐದು ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಒಂದೊಂದಕ್ಕೂ 3 ಬೈಟ್, ಒಟ್ಟು 15. ಮೈಎಸ್‌ಕ್ಯೂಎಲ್ ತರಹದ ಡೇಟಾಬೇಸಿನಲ್ಲಿ ಹೆಸರಿನ ಕಾಲಂಗೆ 20 ಸಂಕೇತಗಳ ಮಿತಿ ಹಾಕಿದರೆ ಒತ್ತಕ್ಷರ ಜಾಸ್ತಿ ಇರುವ ಹೆಸರು ಅರ್ಧಕ್ಕೇ ನಿಲ್ಲಬಹುದು. ಧಾರಾಳವಾಗಿ ಇಡಿ.

ಹುಡುಕಾಟದಲ್ಲಿ ದೊಡ್ಡ ತೊಡಕಿದೆ. ಎಸ್‌ಕ್ಯೂಲೈಟಿನ ಜೊತೆ ಎಫ್‌ಟಿಎಸ್5 ಎಂಬ ಪದ ಹುಡುಕುವ ಸೌಲಭ್ಯ ಬರುತ್ತದೆ. ಅದರ ಮೂಲ ಸೆಟ್ಟಿಂಗ್ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪ್ರಕಾರ ನಮ್ಮ ಗುಡಿಸು, ಕೊಂಬು, ಎತ್ವಗಳು ಅಕ್ಷರಗಳಲ್ಲ, ಗುರುತುಗಳು. ಹಾಗಾಗಿ ಅವೆಲ್ಲ ಉದುರಿಹೋಗುತ್ತವೆ. "ಮರ", "ಮರಿ", "ಮರು" ಮೂರೂ ಅದಕ್ಕೆ ಒಂದೇ. ಮರಿ ಎಂದು ಹುಡುಕಿದ ಓದುಗರಿಗೆ ಮರಗಳ ಪುಸ್ತಕವೂ ಬರುತ್ತದೆ. "ಪುಸ್ತಕ" ಎಂಬುದು ಪ, ಸ, ತಕ ಎಂದು ಮೂರು ಚೂರಾಗುತ್ತದೆ. ಟೇಬಲ್ ಮಾಡುವಾಗ ಕೆಟಗರೀಸ್ ಎಂಬ ಆಯ್ಕೆಯಲ್ಲಿ ಈ ಗುರುತುಗಳ ಗುಂಪನ್ನೂ ಸೇರಿಸಿದರೆ ಸರಿಹೋಗುತ್ತದೆ. 4,000 ಪುಸ್ತಕಗಳ ಪಟ್ಟಿಗಾದರೆ ಎಫ್‌ಟಿಎಸ್ ಇಲ್ಲದೆ, ಎಸ್‌ಕ್ಯೂಎಲ್‌ನ ಲೈಕ್ ಎಂಬ ಸಾದಾ ಹುಡುಕಾಟವೇ ಸಾಕಷ್ಟು ಬೇಗ ಉತ್ತರ ಕೊಡುತ್ತದೆ.

ವಿಭಕ್ತಿಯ ಸಮಸ್ಯೆ ಮಾತ್ರ ಯಾವ ಡೇಟಾಬೇಸ್ ತೆಗೆದುಕೊಂಡರೂ ಉಳಿಯುತ್ತದೆ. "ಮರ" ಎಂದು ಹುಡುಕಿದರೆ "ಮರದ" ಸಿಗುತ್ತದೆ. "ಊರು" ಎಂದು ಹುಡುಕಿದರೆ "ಊರಿನ" ಸಿಗುವುದಿಲ್ಲ.

ಕಣ್ಣಿಗೆ ಕಾಣದ ಇನ್ನೆರಡು ತೊಡಕುಗಳಿವೆ. ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿ ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ "ಕೊ" ಎಂದೇ ಕಾಣುತ್ತವೆ, ಡೇಟಾಬೇಸಿಗೆ ಮಾತ್ರ ಬೇರೆ ಬೇರೆ. "ಸಾಫ್ಟ್‌ವೇರ್" ಎಂದು ಬರೆಯುವಾಗ ಅರ್ಧಾಕ್ಷರ ಒತ್ತಾಗಿ ಕೂರದಿರಲಿ ಅಂತ ನಾವು ನಡುವೆ ಒಂದು ಅದೃಶ್ಯ ಗುರುತು ಹಾಕುತ್ತೇವೆ. ಹುಡುಕುವವರು ಅದನ್ನು ಹಾಕದಿದ್ದರೆ ಫಲಿತಾಂಶ ಸೊನ್ನೆ. ಪರಿಹಾರ ಒಂದೇ. ಪಠ್ಯವನ್ನು ಡೇಟಾಬೇಸಿಗೆ ಹಾಕುವ ಮೊದಲು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು. ಹುಡುಕಾಟಕ್ಕೆಂದೇ ಒಂದು ಕಾಲಂ ಇಟ್ಟು ಅದರಲ್ಲಿ ಅದೃಶ್ಯ ಗುರುತುಗಳನ್ನು ತೆಗೆದ ಪಠ್ಯ ಇಡಬೇಕು. ಓದುಗರು ಟೈಪ್ ಮಾಡಿದ ಪದಕ್ಕೂ ಹಾಗೆಯೇ ಮಾಡಬೇಕು.

ಅಕಾರಾದಿ ಕ್ರಮ? ಎಸ್‌ಕ್ಯೂಲೈಟ್ ಜೋಡಿಸುವುದು ಯುನಿಕೋಡ್ ಸಂಖ್ಯೆಯ ಪ್ರಕಾರ. ಅದರಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವ ಮೊದಲೇ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ. ಆದ್ದರಿಂದ "ಮಹಿಳೆ" ಆದಮೇಲೆ ಬರಬೇಕಾದ "ಮಳೆ" ಅದಕ್ಕಿಂತ ಮೊದಲೇ ಬಂದು ಕೂರುತ್ತದೆ. ಐಸಿಯು ಎಂಬ ಹೆಚ್ಚುವರಿ ಭಾಗ ಸೇರಿಸಿದರೆ ಕ್ರಮ ಸರಿಯಾಗುತ್ತದೆ.

ಭಾಷೆಗೆ ಸೇರದಿದ್ದರೂ ಇಲ್ಲೇ ಹೇಳಿಬಿಡುವಂಥದ್ದು: ಫೋನ್ ನಂಬರಿನ ಕಾಲಂ ಅನ್ನು ಸಂಖ್ಯೆ ಎಂದು ಘೋಷಿಸಬೇಡಿ, ಪಠ್ಯ ಎಂದು ಇಡಿ. ಇಲ್ಲದಿದ್ದರೆ ಬೆಂಗಳೂರಿನ 080 ಬರೀ 80 ಆಗುತ್ತದೆ.

ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಯಾವಾಗ?

ವರ್ಡ್‌ಪ್ರೆಸ್ ಎಂಬ ಸಿದ್ಧ ಸಾಧನದಲ್ಲಿ ಸೈಟ್ ಕಟ್ಟುವುದಾದರೆ ಯೋಚನೆಯೇ ಬೇಡ. ಅದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಕೇಳುತ್ತದೆ, ಹೋಸ್ಟಿಂಗ್‌ನವರು ಅದನ್ನು ಜೊತೆಗೇ ಕೊಡುತ್ತಾರೆ. ಎಸ್‌ಕ್ಯೂಲೈಟಿಗೆ ಪ್ಲಗಿನ್ (ಸೇರಿಸಿಕೊಳ್ಳುವ ಭಾಗ) ಇದೆ ನಿಜ, ಆದರೆ ಉಳಿದ ಪ್ಲಗಿನ್‌ಗಳೆಲ್ಲ ಮೈಎಸ್‌ಕ್ಯೂಎಲ್ ಇದೆ ಎಂದುಕೊಂಡೇ ಬರೆದಂಥವು. ಸೈಟ್ ಒಂದಕ್ಕಿಂತ ಹೆಚ್ಚು ಸರ್ವರುಗಳ ಮೇಲೆ ಓಡುವುದಾದರೆ, ಅಥವಾ ಟಿಕೆಟ್ ಬುಕಿಂಗಿನ ಹಾಗೆ ನೂರಾರು ಜನ ಒಂದೇ ನಿಮಿಷಕ್ಕೆ ಮುಗಿಬಿದ್ದು ಬರೆಯುವುದಾದರೆ ಸರ್ವರ್ ಇರುವ ಡೇಟಾಬೇಸೇ ಸರಿ. ನಕ್ಷೆ, ದೂರದ ಲೆಕ್ಕಾಚಾರ ಇದ್ದರೆ ಪೋಸ್ಟ್‌ಗ್ರೆಸ್ ಮತ್ತು ಅದರ ಪೋಸ್ಟ್‌ಜಿಐಎಸ್ ಮುಂದು.

ಮೈಎಸ್‌ಕ್ಯೂಎಲ್ ತೆಗೆದುಕೊಂಡರೆ ಅಕ್ಷರ ಸಂಕೇತ ಯುಟಿಎಫ್8-ಎಂಬಿ4 ಇದೆಯೇ ನೋಡಿ. ಹಳೆಯ ಯುಟಿಎಫ್8 ಆಯ್ಕೆಯಲ್ಲಿ ಒಂದು ಸಂಕೇತಕ್ಕೆ 3 ಬೈಟ್ ಮಾತ್ರ ಜಾಗ. ಕನ್ನಡ ಅಷ್ಟರಲ್ಲಿ ಹಿಡಿಸುತ್ತದೆ, ಅದಕ್ಕೇ ಪರೀಕ್ಷೆ ಮಾಡುವಾಗ ಏನೂ ತೊಂದರೆ ಕಾಣುವುದಿಲ್ಲ. ಎಮೋಜಿಗೆ 4 ಬೈಟ್ ಬೇಕು. ಯಾರೋ ಅನಿಸಿಕೆಯ ನಡುವೆ ಕೈಮುಗಿಯುವ ಎಮೋಜಿ ಹಾಕಿದರೆ, ಕೆಲವು ಸೆಟ್ಟಿಂಗ್‌ಗಳಲ್ಲಿ ಅಲ್ಲಿಂದ ಮುಂದಿನ ಮಾತೆಲ್ಲ ಕತ್ತರಿಸಿಹೋಗುತ್ತದೆ.

ಫೈರ್‌ಬೇಸಿನ ಫೈರ್‌ಸ್ಟೋರ್ ಬಗ್ಗೆಯೂ ಒಂದು ಲೆಕ್ಕ. ಇದು ಗೂಗಲ್ ತನ್ನ ಸರ್ವರುಗಳಲ್ಲಿ ನಡೆಸುವ ಡೇಟಾಬೇಸ್. ಅದರ ಉಚಿತ ಮಿತಿ ದಿನಕ್ಕೆ 50,000 ಓದು. ದಾಖಲೆ ಒಂದಕ್ಕೆ ಒಂದು ಓದು ಎಂಬ ಎಣಿಕೆ. ನಮ್ಮ ಗ್ರಂಥಾಲಯದ ಪುಟ 4,000 ಪುಸ್ತಕಗಳ ಪಟ್ಟಿಯನ್ನು ಒಂದೇ ಸಲ ತರುವಂತೆ ಬರೆದಿದ್ದರೆ, ಹನ್ನೆರಡು ಸಲ ಪುಟ ತೆರೆದಾಗ 48,000 ಮುಗಿಯಿತು. ಹದಿಮೂರನೆಯವರಿಗೆ ಪಟ್ಟಿ ಪೂರ್ತಿ ಸಿಗುವುದಿಲ್ಲ. ಪಟ್ಟಿಯನ್ನು ಇಪ್ಪತ್ತು ಇಪ್ಪತ್ತಾಗಿ ತರುವಂತೆ ಬರೆದರೆ ಇದೇ ಸೇವೆ ಆರಾಮವಾಗಿ ನಡೆಯುತ್ತದೆ.

ಬ್ಯಾಕಪ್

ಒಂದೇ ಫೈಲ್ ತಾನೇ, ಕಾಪಿ ಮಾಡಿಟ್ಟರಾಯಿತು ಎಂದುಕೊಳ್ಳುವುದು ಸಹಜ. ಸೈಟ್ ಓಡುತ್ತಿರುವಾಗ ಹಾಗೆ ಸುಮ್ನೆ ಕಾಪಿ ಮಾಡಬಾರದು. ಅರ್ಧ ಬರೆದ ಸ್ಥಿತಿ ಕಾಪಿಯಾಗಬಹುದು. ವಾಲ್ ಮೋಡ್ ಇದ್ದರೆ ಇತ್ತೀಚಿನ ಬರವಣಿಗೆ ಪಕ್ಕದ ಫೈಲಿನಲ್ಲೇ ಇದ್ದು, ನಿಮ್ಮ ಕಾಪಿಯಲ್ಲಿ ಬರದೇ ಹೋಗಬಹುದು. ಇದಕ್ಕೆಂದೇ ಎಸ್‌ಕ್ಯೂಲೈಟಿನಲ್ಲಿ ಬ್ಯಾಕಪ್ ಎಂಬ ಆಜ್ಞೆ ಇದೆ. 2019ರಿಂದ ವ್ಯಾಕ್ಯೂಮ್ ಇನ್‌ಟು ಎಂಬುದೂ ಇದೆ. ಎರಡೂ ಸೈಟ್ ನಿಲ್ಲಿಸದೆಯೇ ಪೂರ್ತಿ, ಸರಿಯಾದ ಪ್ರತಿ ಕೊಡುತ್ತವೆ. ರಾತ್ರಿ ಒಂದು ಹೊತ್ತಿಗೆ ತಾನೇ ಓಡುವಂತೆ ಇದನ್ನು ಸರ್ವರಿನ ವೇಳಾಪಟ್ಟಿ ಸಾಧನವಾದ ಕ್ರಾನ್‌ಗೆ ಹಾಕಿ. ಬಂದ ಪ್ರತಿಯನ್ನು ಅದೇ ಸರ್ವರಿನಲ್ಲಿ ಬಿಡದೆ ಬೇರೆ ಕಡೆಗೆ ಕಳಿಸಿ. ಬದಲಾವಣೆಗಳನ್ನು ಆಗಾಗಲೇ ಬೇರೆ ಕಡೆಗೆ ರವಾನಿಸುತ್ತಾ ಇರಬೇಕೆಂದರೆ ಲೈಟ್‌ಸ್ಟ್ರೀಮ್ ಎಂಬ ಉಚಿತ ಸಾಧನವಿದೆ.

ತಿಂಗಳಿಗೊಮ್ಮೆ ಆ ಪ್ರತಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಎಂಬ ಉಚಿತ ಸಾಫ್ಟ್‌ವೇರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಹಿಂದಿನ ದಿನ ಸೇರಿಸಿದ ಪುಸ್ತಕ ಅದರಲ್ಲಿದೆಯೇ, ಕನ್ನಡ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡಲು ಐದು ನಿಮಿಷ ಸಾಕು.